ವಾಯುನಾಳದ ಶೋಧನೆಯೂ ಕ್ರಕಚ ವ್ಯವಹಾರವೂ

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ನಡುವಣ ಮೋಕ ಸೀಮೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದೇ ಬೆಳಕಿಗೆ ಒಳದಾರಿ, ಒಲೆಯ ಹೊಗೆಗೆ ಹೊರದಾರಿ. ಮಳೆ ಬಂದರೆ ಅದರ ಮೇಲೆ ಒಂದು ಚಪ್ಪಡಿಯನ್ನೋ ತಗಡನ್ನೋ ಎಳೆದರಾಯಿತು. ಹಬ್ಬಕ್ಕೆ ಮುನ್ನ ಮನೆಯೊಡತಿ ಗಳಕ್ಕೆ ಕಸಬರಿಗೆಯನ್ನು ಕಟ್ಟಿ, ತಲೆಗೆ ಸೆರಗು ಬಿಗಿದು, ಇಲ್ಲಣವನ್ನೂ ಜೇಡರ ಬಲೆಯನ್ನೂ ಜಾಡಿಸಿ ತೆಗೆಯುತ್ತಿದ್ದಳು. ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕು, ಎಷ್ಟು ಶ್ರಮ ಬೇಕು ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ತಲೆಯೆತ್ತಿ ನೋಡಿದರೆ ಕೊಳೆಯೂ ಕಾಣುತ್ತಿತ್ತು, ಕೆಲಸದ ಅಳತೆಯೂ ಕಾಣುತ್ತಿತ್ತು.

ಗಾಳಿಯ ದಾರಿಗೆ ನಮ್ಮ ನುಡಿಯಲ್ಲಿ ಹೆಸರುಗಳಿಗೆ ಬರವಿಲ್ಲ. ಗೋವಿನ ಕಣ್ಣಿನಂತಿರುವುದು ಗವಾಕ್ಷ. ರಂಧ್ರಗಳ ಬಲೆಯಂತಿರುವುದು ಜಾಲಂದ್ರ. ವಾತದ ಅಯನ, ಎಂದರೆ ಗಾಳಿಯು ನಡೆಯುವ ಮಾರ್ಗ, ವಾತಾಯನ. ಇವೆಲ್ಲವೂ ಕಿಟಕಿಯ ಹೆಸರುಗಳೇ. ಆದರೆ ಶಬ್ದಾರ್ಥವನ್ನು ಹಿಡಿದು ವಿಚಾರಿಸಿದರೆ ಮೂರನೆಯ ಹೆಸರು ಕಿಟಕಿಗಿಂತಲೂ ಇಂದಿನ ಕಟ್ಟಡಗಳ ಚಾವಣಿಯೊಳಗೆ ಅಡಗಿ ಹರಿಯುವ ತಗಡಿನ ನಾಳಕ್ಕೆ, ಅಂದರೆ ಎಲ್ಲರೂ ‘ಡಕ್ಟ್’ ಎನ್ನುವ ವಸ್ತುವಿಗೆ, ಹೆಚ್ಚು ಒಪ್ಪುತ್ತದೆ. ಗವಾಕ್ಷಕ್ಕೆ ಅಕ್ಷಿಯುಂಟು, ಈ ನಾಳಕ್ಕೆ ಅದಿಲ್ಲ. ಹೊರಗಿನಿಂದ ಕಾಣುವುದು ಅದರ ಬಾಯಿಗೆ ಹಾಕಿದ ಜಾಲರಿ ಮಾತ್ರ. ಒಳಗೆ ಏನಿದೆ, ಎಷ್ಟಿದೆ ಎಂಬುದು ಮರೆ. ಪ್ರಸ್ತುತ ವಿಚಾರದ ಕಷ್ಟವೆಲ್ಲ ಈ ಮರೆಯಿಂದಲೇ ಹುಟ್ಟುತ್ತದೆ.

ಸಭಾಭವನ, ಕಲ್ಯಾಣಮಂಟಪ, ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿ ಮುಂತಾದೆಡೆಗಳಲ್ಲಿ ಏಸಿ ಯಂತ್ರದ ಗಾಳಿಯಾಗಲಿ, ನೀರಿನಿಂದ ತಂಪಾಗಿಸಿದ ಗಾಳಿಯಾಗಲಿ ಇಂತಹ ನಾಳಗಳ ಮೂಲಕವೇ ಹರಿಯುತ್ತದೆ. ಕೆಲವು ವರ್ಷ ಕಳೆದ ಮೇಲೆ ಜಾಲರಿಯ ಸುತ್ತ ಕಪ್ಪು ಕಟ್ಟುತ್ತದೆ, ಯಂತ್ರ ಚಾಲೂ ಮಾಡಿದೊಡನೆ ಧೂಳಿನ ವಾಸನೆ ಬರುತ್ತದೆ. ಆಡಳಿತ ಮಂಡಳಿಯವರು ಗುತ್ತಿಗೆದಾರನನ್ನು ಕರೆಸುತ್ತಾರೆ. ಅವನು ಕೆಳಗೆ ನಿಂತು, ಮೇಲೆ ನೋಡಿ, ‘ಒಟ್ಟು ಇಷ್ಟು’ ಎಂದು ಒಂದು ಮೊತ್ತವನ್ನು ಚೀಟಿಯಲ್ಲಿ ಬರೆದು ಕೊಡುತ್ತಾನೆ. ಇನ್ನೊಬ್ಬನು ಅದರ ಅರ್ಧಕ್ಕೆ ಒಪ್ಪುತ್ತಾನೆ. ಕೆಲಸವು ಸಹಜವಾಗಿಯೇ ಎರಡನೆಯವನಿಗೆ ದೊರೆಯುತ್ತದೆ. ಅವನು ಜಾಲರಿಗಳನ್ನು ತೊಳೆದು, ಕೈ ನಿಲುಕುವಷ್ಟು ದೂರ ಬಟ್ಟೆಯಿಂದ ಒರಸಿ ಹೋದರೆ ಕಂಡುಹಿಡಿಯುವವರು ಯಾರು? ದಾನಿಗಳು ವಿದ್ಯಾಸಂಸ್ಥೆಗೆ ನಂಬಿ ಕೊಟ್ಟ ದ್ರವ್ಯವು ಹೀಗೆ ಕಣ್ಣಿಗೆ ಕಾಣದ ಕೆಲಸಕ್ಕೆ ವ್ಯಯವಾಗುವಾಗ ಲೆಕ್ಕವಾದರೂ ಕಣ್ಣಿಗೆ ಕಾಣುವಂತಿರಬೇಡವೇ?

ಲೆಕ್ಕಕ್ಕೆ ಮೊದಲು ಇನ್ನೊಂದು ಪ್ರಶ್ನೆಯುಂಟು: ಈ ಶೋಧನೆ ಅವಶ್ಯವೇ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಮನೆಗಳ ವಾಯುನಾಳಗಳನ್ನು ಕುರಿತು ಸಾರ್ವಜನಿಕರಿಗೆ ಕೊಟ್ಟಿರುವ ತಿಳಿವಳಿಕೆ ಈ ಸಂದರ್ಭದಲ್ಲಿ ಮನನೀಯವಾದುದು. ನಾಳಗಳನ್ನು ಶುಚಿಗೊಳಿಸುವುದರಿಂದ ರೋಗಗಳು ತಪ್ಪುತ್ತವೆ ಎಂಬುದು ಸಿದ್ಧಪಟ್ಟಿಲ್ಲವೆಂದು ಅದು ಸ್ಪಷ್ಟವಾಗಿ ಹೇಳಿದೆ. ಇಂತಿಷ್ಟು ವರ್ಷಕ್ಕೊಮ್ಮೆ ಮಾಡಿಸಲೇಬೇಕೆಂಬ ನಿಯಮವನ್ನೂ ಅದು ವಿಧಿಸಿಲ್ಲ. ನಾಳದ ಒಳಮೈಯಲ್ಲಿ ಬೂಷ್ಟು ಕಣ್ಣಿಗೆ ಕಾಣುವಷ್ಟು ಬೆಳೆದಿದ್ದರೆ, ಇಲಿಗಳೋ ಹುಳುಗಳೋ ಸೇರಿಕೊಂಡಿದ್ದರೆ, ಅಥವಾ ಕಸವು ತುಂಬಿ ಜಾಲರಿಯಿಂದ ಕೋಣೆಗೆ ಉದುರುತ್ತಿದ್ದರೆ ಆಗ ಮಾಡಿಸುವುದು ಯುಕ್ತ ಎಂಬುದು ಅದರ ಅಭಿಪ್ರಾಯ. ಅಲ್ಲಿ ಒಂದು ಮನೆಯ ವ್ಯವಸ್ಥೆಗೆ ಸುಮಾರು 450ರಿಂದ 1000 ಡಾಲರುಗಳವರೆಗೆ ತಗಲುವುದೆಂದೂ ಅದೇ ಸಂಸ್ಥೆ ಸೂಚಿಸಿದೆ. ಒಂದೇ ಕೆಲಸಕ್ಕೆ ಎರಡು ಪಾಲಿಗೂ ಮೀರಿದ ಅಂತರ! ನಾಳದ ಉದ್ದಗಲ, ಕೈ ಹೋಗುವ ಸೌಲಭ್ಯ, ಕೊಳೆಯ ಪ್ರಮಾಣ ಇವುಗಳಿಂದ ಈ ಅಂತರ ಉಂಟಾಗುತ್ತದೆ. ಇನ್ನು ಗೋಡೆಗೆ ತೂಗುಹಾಕಿದ ಏಸಿ ಪೆಟ್ಟಿಗೆಗಳು ಮಾತ್ರ ಇರುವ ಕಟ್ಟಡದಲ್ಲಿ ನಾಳವೇ ಇರುವುದಿಲ್ಲ. ಇಲ್ಲದ ನಾಳವನ್ನು ಶುಚಿಗೊಳಿಸಲು ಮುಂದೆ ಬರುವವರನ್ನು ನಮಸ್ಕರಿಸಿ ಕಳುಹಿಸಬಹುದು.

ಅವಶ್ಯವೆಂದೇ ತೋರಿತೆನ್ನಿ. ಆಗ ಅಳೆಯಬೇಕಾದುದು ಏನನ್ನು? ಮೋಕ ಸೀಮೆಯ ರೈತನಿಗೆ ಶೋಧನೆಯೆಂದರೆ ಮೊದಲು ನೆನಪಾಗುವುದು ಕಾಲುವೆಯ ಹೂಳು. ತುಂಗಭದ್ರೆಯ ನೀರು ಹರಿಯುವ ಕಾಲುವೆಯಲ್ಲಿ ಉದ್ದ, ಅಗಲ, ಹೂಳಿನ ಆಳ ಈ ಮೂರನ್ನೂ ಗುಣಿಸಿ ಘನ ಅಳತೆ ತೆಗೆಯುವುದು, ಅದರ ಮೇಲೆ ಕೂಲಿ ಕಟ್ಟುವುದು ಎಲ್ಲರಿಗೂ ಪರಿಚಿತ. ನಮ್ಮ ಪೂರ್ವಗಣಿತಜ್ಞರು ಇದನ್ನು ಖಾತ ವ್ಯವಹಾರವೆಂದು ಕರೆದರು. ಖಾತವೆಂದರೆ ತೋಡು, ವ್ಯವಹಾರವೆಂದರೆ ಇಲ್ಲಿ ಕ್ರಯವಿಕ್ರಯವಲ್ಲ, ಲೋಕೋಪಯೋಗಿಯಾದ ಗಣಿತದ ಒಂದು ಪ್ರಕರಣ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿಯೂ, ಭಾಸ್ಕರಾಚಾರ್ಯನು 1150ರ ‘ಲೀಲಾವತಿ’ಯಲ್ಲಿಯೂ ಇದನ್ನು ವಿಸ್ತರಿಸಿದ್ದಾರೆ. ಕನ್ನಡದಲ್ಲಿಯೇ ಗಣಿತಗ್ರಂಥಗಳನ್ನು ರಚಿಸಿದ ಹನ್ನೆರಡನೆಯ ಶತಮಾನದ ರಾಜಾದಿತ್ಯನ ಕೃತಿಯೊಂದರ ಹೆಸರೇ ‘ವ್ಯವಹಾರಗಣಿತ’.

ವಾಯುನಾಳಕ್ಕೆ ಈ ಖಾತದ ಲೆಕ್ಕವನ್ನೇ ಹಿಡಿಯುವವರು ಮೋಸಹೋಗುತ್ತಾರೆ. ನಾಳದಲ್ಲಿ ಕೊಳೆಯು ಹೂಳಿನಂತೆ ತಳದಲ್ಲಿ ರಾಶಿಯಾಗಿ ನಿಲ್ಲುವುದು ವಿರಳ. ಅದು ನಾಲ್ಕೂ ಮೈಗೆ ತೆಳ್ಳಗೆ ಅಂಟಿಕೊಂಡಿರುತ್ತದೆ. ಆದುದರಿಂದ ಇಲ್ಲಿ ಹೊಂದುವುದು ಖಾತವಲ್ಲ, ಅದರ ತರುವಾಯ ‘ಲೀಲಾವತಿ’ಯಲ್ಲಿ ಬರುವ ಕ್ರಕಚ ವ್ಯವಹಾರ.

ಕ್ರಕಚವೆಂದರೆ ಗರಗಸ. ಮರವನ್ನು ಕೊಯ್ಯುವವನಿಗೆ ಕೂಲಿಯನ್ನು ಮರದ ಗಾತ್ರದ ಮೇಲೆ ಕೊಡಬೇಕೋ, ಗರಗಸ ಹಾದುಹೋದ ಮೈಯ ಮೇಲೆ ಕೊಡಬೇಕೋ? ಭಾಸ್ಕರನ ಉತ್ತರ ಎರಡನೆಯದು. ಬುಡದ ದಪ್ಪವನ್ನೂ ತುದಿಯ ದಪ್ಪವನ್ನೂ ಕೂಡಿ ಅರ್ಧಿಸಬೇಕು, ಉದ್ದದಿಂದ ಗುಣಿಸಬೇಕು, ಎಷ್ಟು ಸೀಳು ಹಾಕಿದೆಯೋ ಅಷ್ಟರಿಂದ ಮತ್ತೆ ಗುಣಿಸಬೇಕು. ಒಂದು ಹಸ್ತಕ್ಕೆ ಇಪ್ಪತ್ತನಾಲ್ಕು ಅಂಗುಲವಾದುದರಿಂದ ಬಂದುದನ್ನು 576ರಿಂದ ಭಾಗಿಸಿದರೆ ಚದರ ಹಸ್ತದ ಲೆಕ್ಕ ಸಿಗುತ್ತದೆ. ಅವನು ಕೊಟ್ಟ ಉದಾಹರಣೆಯಲ್ಲಿ ಬುಡ 20 ಅಂಗುಲ, ತುದಿ 16, ಉದ್ದ 100, ಸೀಳು ನಾಲ್ಕು. ಸರಾಸರಿ ದಪ್ಪ 18. ನೂರರಿಂದ ಗುಣಿಸಿದರೆ 1800. ನಾಲ್ಕರಿಂದ ಗುಣಿಸಿದರೆ 7200. 576ರಿಂದ ಭಾಗಿಸಿದರೆ ಹನ್ನೆರಡೂವರೆ ಹಸ್ತ. ಮರ ಒಂದೇ ಆದರೂ ಸೀಳು ಹೆಚ್ಚಿದಂತೆ ಕೂಲಿ ಹೆಚ್ಚುತ್ತದೆ, ಏಕೆಂದರೆ ಗರಗಸದ ಹಲ್ಲಿಗೆ ತಾಗುವುದು ಮೈ.

ಕುಂಚದ ಕೂದಲಿಗೆ ತಾಗುವುದೂ ಮೈಯೇ. ಇದನ್ನು ವಿದ್ಯಾರ್ಥಿಗಳಿಗೆ ಹೀಗೆ ತೋರಿಸಿಕೊಡಬಹುದು. ಎರಡಡಿ ಅಗಲ, ಎರಡಡಿ ಎತ್ತರ, ಮೂವತ್ತಡಿ ಉದ್ದದ ಒಂದು ನಾಳ. ಅದರ ಬದಲಿಗೆ ಒಂದಡಿ ಅಗಲ, ಒಂದಡಿ ಎತ್ತರ, ಮೂವತ್ತಡಿ ಉದ್ದದ ನಾಲ್ಕು ನಾಳಗಳು. ಎರಡು ಪಕ್ಷಗಳಲ್ಲಿಯೂ ಒಳಗಿನ ಅವಕಾಶ 120 ಘನ ಅಡಿಯೇ. ಆದರೆ ಮೊದಲನೆಯದರ ಸುತ್ತಳತೆ ಎಂಟಡಿಯಾದ್ದರಿಂದ ಒಳಮೈ 240 ಚದರ ಅಡಿ. ಎರಡನೆಯ ಪಕ್ಷದಲ್ಲಿ ಒಟ್ಟು ಸುತ್ತಳತೆ ಹದಿನಾರಡಿ, ಒಳಮೈ 480 ಚದರ ಅಡಿ. ಹರಿಯುವ ಗಾಳಿಗೆ ದೊರೆತ ಜಾಗ ಒಂದೇ, ಉಜ್ಜುವವನಿಗೆ ಕೆಲಸ ಇಮ್ಮಡಿ.

ಇನ್ನು ಒಂದು ಪೂರ್ಣ ಉದಾಹರಣೆ. ಇದು ಗಣಿತಗ್ರಂಥಗಳ ರೀತಿಯಲ್ಲಿ ಕಲ್ಪಿಸಿದ ಕಟ್ಟಡ, ಯಾವುದೋ ಒಂದು ನಿಜವಾದ ಭವನವಲ್ಲ. ಅರವತ್ತಡಿ ಉದ್ದ, ನಲವತ್ತಡಿ ಅಗಲದ ಶಾಲಾ ಸಭಾಭವನ. ಚಾವಣಿಯಲ್ಲಿ ಮೂರಡಿ ಅಗಲ, ಎರಡಡಿ ಎತ್ತರದ ತಾಯಿನಾಳ ಅರವತ್ತಡಿ ಹೋಗಿದೆ. ಅದರಿಂದ ಒಂದೂವರೆ ಅಡಿ ಅಗಲ, ಒಂದಡಿ ಎತ್ತರದ ಆರು ಕವಲುಗಳು, ಒಂದೊಂದೂ ಹದಿನೈದಡಿ. ಕೋಣೆಯ ಗಾಳಿಯನ್ನು ಯಂತ್ರಕ್ಕೆ ಹಿಂದಕ್ಕೆ ಒಯ್ಯುವ ಮರುನಾಳ ನಾಲ್ಕಡಿಗೆ ಎರಡಡಿ, ಉದ್ದ ಇಪ್ಪತ್ತಡಿ. ತಾಯಿನಾಳದ ಸುತ್ತಳತೆ ಹತ್ತಡಿ, ಒಳಮೈ 600 ಚದರ ಅಡಿ. ಕವಲೊಂದರ ಸುತ್ತಳತೆ ಐದಡಿ, ಒಳಮೈ 75, ಆರಕ್ಕೆ 450. ಮರುನಾಳದ ಸುತ್ತಳತೆ ಹನ್ನೆರಡಡಿ, ಒಳಮೈ 240. ಒಟ್ಟು 1290 ಚದರ ಅಡಿ. ನೆಲದ ಅಳತೆಯ ಮೇಲೆ ದರ ಕೇಳುವವನು 2400 ಚದರ ಅಡಿಗೆ ಕೇಳುತ್ತಾನೆ. ಆ ಸಂಖ್ಯೆಗೂ ನಾಳಕ್ಕೂ ಸಂಬಂಧವೇ ಇಲ್ಲ. ಖಾತದ ಲೆಕ್ಕ ಹಿಡಿದವನ ಪಾಡು ಇನ್ನೂ ವಿಚಿತ್ರ. ಎಲ್ಲೆಡೆಯೂ ಒಂದು ಮಿಲಿಮೀಟರು ದಪ್ಪ ಧೂಳು ಕಟ್ಟಿದೆಯೆಂದರೂ ಒಟ್ಟು ಸುಮಾರು ನಾಲ್ಕೂಕಾಲು ಘನ ಅಡಿ, ಎಂದರೆ 120 ಲೀಟರು. ಒಂದು ಬಂಡಿಗೂ ಸಾಲದು. ಇಷ್ಟು ಮಣ್ಣನ್ನು ಎತ್ತಿಹಾಕಲು ಐದು ದಿನ ಏಕೆ ಬೇಕೆಂದು ಅವನು ಕೇಳಿದರೆ ಅದು ಅವನ ತಪ್ಪಲ್ಲ, ಅವನು ಹಿಡಿದ ಪ್ರಕರಣದ ತಪ್ಪು.

ಐದು ದಿನ ಎಂಬುದು ಎಲ್ಲಿಂದ ಬಂತು? ಇಲ್ಲಿ ತ್ರೈರಾಶಿಕ ನೆರವಾಗುತ್ತದೆ. ಮೊದಲು ಒಂದೇ ಒಂದು ಕವಲನ್ನು ಶುಚಿಗೊಳಿಸಿ ಗಡಿಯಾರ ನೋಡಬೇಕು. ಮೂವರು ಆಳುಗಳು ಎರಡು ಗಂಟೆ ದುಡಿದರೆಂದು ಇಟ್ಟುಕೊಳ್ಳಬಹುದು. ಒಬ್ಬನ ಒಂದು ಗಂಟೆಯ ದುಡಿಮೆಯನ್ನು ಒಂದು ಆಳುಗಂಟೆ ಎಂದರೆ ಇಲ್ಲಿ ಆರು ಆಳುಗಂಟೆಗಳಾದವು. ಪ್ರಮಾಣ 75 ಚದರ ಅಡಿ, ಫಲ 6, ಇಚ್ಛೆ 1290, ಇಚ್ಛಾಫಲ 103.2 ಆಳುಗಂಟೆ. ಹುಡುಗರು ಇಲ್ಲಿಗೇ ಉತ್ತರ ಬಂತೆಂದು ಗೆರೆ ಎಳೆಯುತ್ತಾರೆ. ಆದರೆ ಆ ಆರು ಆಳುಗಂಟೆಗಳಲ್ಲಿ ಎರಡು ಏಣಿ ಹಾಕಲು, ಕೆಳಗೆ ಬಟ್ಟೆ ಹಾಸಲು, ಜಾಲರಿ ಬಿಚ್ಚಲು, ಮತ್ತೆ ಕೂಡಿಸಲು ಹೋಗಿರುತ್ತವೆ. ಉಜ್ಜಲು, ಧೂಳನ್ನು ಯಂತ್ರದಿಂದ ಹೀರಲು ಹಿಡಿದುದು ನಾಲ್ಕು. ಮೈಯ ಅಳತೆಯೊಡನೆ ಬೆಳೆಯುವುದು ಈ ನಾಲ್ಕು ಮಾತ್ರ. ಅದರಂತೆ 1290 ಚದರ ಅಡಿಗೆ 68.8. ಬಿಚ್ಚಿ ಕೂಡಿಸುವ ಕೆಲಸ ಬಾಗಿಲುಗಳ ಸಂಖ್ಯೆಯೊಡನೆ ಬೆಳೆಯುತ್ತದೆ. ಕವಲಿಗೊಂದರಂತೆ ಆರು, ತಾಯಿನಾಳಕ್ಕೆ ನಾಲ್ಕು, ಮರುನಾಳಕ್ಕೆ ಎರಡು, ಒಟ್ಟು ಹನ್ನೆರಡು ಬಾಗಿಲಿಗೆ 24. ಇವೆರಡೊಡನೆಯೂ ಬೆಳೆಯದೆ ಒಮ್ಮೆ ಮಾತ್ರ ತಗಲುವ ಕೆಲಸವೂ ಉಂಟು: ಸಾಮಾನು ಇಳಿಸುವುದು, ಭವನದ ಕುರ್ಚಿಗಳಿಗೆ ಹೊದಿಕೆ ಹಾಕುವುದು, ಯಂತ್ರದ ಬೀಸಣಿಗೆ, ತಂಪು ಸುರುಳಿ, ನೀರು ಸೋರುವ ತಟ್ಟೆ ಇವುಗಳನ್ನು ತೊಳೆಯುವುದು. ಇದಕ್ಕೆ 16. ಮೂರೂ ಸೇರಿ 108.8. ದಿನಕ್ಕೆ ಎಂಟು ಗಂಟೆಯಂತೆ ಮೂವರ ದುಡಿಮೆ 24. ಐದನೆಯ ದಿನದ ನಡುಹಗಲಿಗೆ ಕೆಲಸ ಮುಗಿಯುತ್ತದೆ. ಮೊದಲಿನ ಉತ್ತರವೂ ಇದಕ್ಕೆ ಹತ್ತಿರವೇ ಬಂದಿತ್ತಲ್ಲ ಎಂದರೆ ಅದು ಕಾಕತಾಳೀಯ. ಬಾಗಿಲುಗಳ ಸಂಖ್ಯೆ ಬದಲಾದೊಡನೆ ಎರಡೂ ದೂರ ಸರಿಯುತ್ತವೆ.

ಯಂತ್ರದ ಭಾಗಗಳನ್ನು ತೊಳೆಯುವ ಕೆಲಸವನ್ನು ಅಂದಾಜಿನಿಂದ ಬಿಟ್ಟು ಮೊತ್ತವನ್ನು ಇಳಿಸುವ ರೂಢಿಯುಂಟು. ಬೀಸಣಿಗೆಯೂ ಸುರುಳಿಯೂ ಕೊಳಕಾಗಿಯೇ ಉಳಿದರೆ ಅವುಗಳ ಮೂಲಕ ಹಾಯುವ ಗಾಳಿ ತೊಳೆದ ನಾಳವನ್ನು ಮತ್ತೆ ಕೊಳಕುಮಾಡುತ್ತದೆ. ಆಗ ಉಳಿದ ಹಣವು ಉಳಿತಾಯವಲ್ಲ.

ಬಾಗಿಲಿನ ಮಾತು ಬಂದುದರಿಂದ ಬೀದರದ ಒಂದು ನಿರ್ಮಾಣವನ್ನು ಇಲ್ಲಿ ನೆನೆಯಬಹುದು. ಬಹಮನಿ ಸುಲ್ತಾನರ ಕಾಲದಲ್ಲಿ ಅಲ್ಲಿ ಕೆಂಪುಕಲ್ಲಿನ ನೆಲದಡಿ ಸುರಂಗ ಕೊರೆದು ನೀರು ಹರಿಸಿದ ಕರೇಜ್ ವ್ಯವಸ್ಥೆ ಪ್ರಸಿದ್ಧವಾಗಿದೆ. ಆ ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂತೆ ಕಂಡಿಗಳನ್ನು ಇಳಿಸಿದ್ದಾರೆ. ಕೊರೆಯುವಾಗ ಮಣ್ಣು ಎತ್ತಲು ಅವೇ ದಾರಿ, ಒಳಗೆ ದುಡಿಯುವವರ ಉಸಿರಿಗೆ ಅವೇ ದಾರಿ, ಮುಂದೆ ಹೂಳು ತೆಗೆಯಲೂ ಅವೇ ದಾರಿ. ಶೋಧನೆಯ ಚಿಂತೆಯನ್ನು ನಿರ್ಮಾಣದ ದಿನವೇ ಮಾಡಿದ ಜಾಣ್ಮೆ ಅದು. ನಮ್ಮ ತಗಡಿನ ನಾಳಗಳನ್ನು ಕಟ್ಟುವವರಲ್ಲಿ ಅನೇಕರಿಗೆ ಈ ಚಿಂತೆಯಿಲ್ಲ. ಮೇಲಿನ ಉದಾಹರಣೆಯ ತಾಯಿನಾಳಕ್ಕೂ ಮರುನಾಳಕ್ಕೂ ಬಾಗಿಲುಗಳೇ ಇಲ್ಲವೆಂದಾದರೆ ಆರು ಕಡೆ ತಗಡನ್ನು ಕತ್ತರಿಸಿ, ಮುಚ್ಚಳ ಮಾಡಿ, ಗಾಳಿ ಸೋರದಂತೆ ಬಿಗಿಯಬೇಕು. ಒಂದಕ್ಕೆ ಮೂರು ಆಳುಗಂಟೆಯಂತೆ 18 ಹೆಚ್ಚಾಗಿ ಮೊತ್ತ 126.8 ಆಗುತ್ತದೆ; ಕೆಲಸ ಆರನೆಯ ದಿನಕ್ಕೆ ಕಾಲಿಡುತ್ತದೆ.

ಭಾಸ್ಕರನ ಇನ್ನೊಂದು ಮಾತು ಈ ಎಲ್ಲ ಲೆಕ್ಕಗಳಿಗಿಂತ ಮುಖ್ಯವಾದುದು. ಇಟ್ಟಿಗೆಯ ಚಿತಿ, ಕಲ್ಲಿನ ಚಿತಿ, ಖಾತ, ಕ್ರಕಚ ಈ ನಾಲ್ಕರಲ್ಲಿಯೂ ಮೂಲ್ಯವನ್ನು ಕೆಲಸಗಾರರ ಒಪ್ಪಿಗೆಯಿಂದ, ವಸ್ತುವಿನ ಮೃದುತ್ವ ಕಠಿನತ್ವಗಳಿಗೆ ತಕ್ಕಂತೆ ನಿರ್ಣಯಿಸಬೇಕೆಂದು ಅವನು ಹೇಳಿದ್ದಾನೆ. ಕ್ಷೇತ್ರಫಲವನ್ನು ಇಷ್ಟು ನಿಷ್ಕೃಷ್ಟವಾಗಿ ಕಂಡುಹಿಡಿಯಲು ಕಲಿಸಿದ ಗಣಿತಜ್ಞನೇ ದರದ ವಿಷಯದಲ್ಲಿ ಸೂತ್ರವನ್ನು ಬದಿಗಿಟ್ಟು ದುಡಿಯುವವನ ಕಡೆಗೆ ತಿರುಗಿ ನೋಡಿದನಲ್ಲ!

ಮೋಕ ಸೀಮೆಯಲ್ಲಿ ಮೃದು ಕಠಿನಗಳ ಈ ಭೇದ ಬಹಳ ಸ್ಪಷ್ಟ. ಎರೆಹೊಲದ ಧೂಳು ಬೇಸಿಗೆಯಲ್ಲಿ ಹಿಟ್ಟಿನಷ್ಟು ನಯ. ಒಣಗಿದ್ದಾಗ ಕುಂಚ ತಾಗಿದರೆ ಸಾಕು, ಹಾರುತ್ತದೆ. ಅದೇ ಎರೆಗೆ ತೇವ ತಗಲಿ ಆರಿದರೆ ಗಾರೆಯಂತೆ ಹಿಡಿಯುತ್ತದೆ. ನೀರಿನಿಂದ ಗಾಳಿಯನ್ನು ತಂಪಾಗಿಸುವ ವ್ಯವಸ್ಥೆಯಲ್ಲಿ ಈ ತೇವ ದಿನನಿತ್ಯದ್ದು. ಅದರ ಮೇಲೆ ಹತ್ತಿಯ ನವಿರು, ಸುಗ್ಗಿಯ ಹೊಟ್ಟು, ಮೆಣಸಿನಕಾಯಿ ಒಣಗಿಸುವ ಕಾಲದ ಘಾಟು. ಕೋಣೆಯ ಕೊಳೆಯನ್ನು ಮೊದಲು ನುಂಗುವ ಮರುನಾಳದಲ್ಲಿ ಇವೆಲ್ಲ ಕೂಡಿ ಗಟ್ಟಿಯಾಗಿದ್ದರೆ ಆ 240 ಚದರ ಅಡಿಗೆ ಇಮ್ಮಡಿ ಹೊತ್ತು ಬೇಕಾದೀತು. ಅದರಿಂದ ಇನ್ನೂ 12.8 ಆಳುಗಂಟೆ ಸೇರಿ 139.6, ಆರನೆಯ ದಿನದ ಸಂಜೆಯ ತನಕ ಕೆಲಸ. ಕೆಲವು ನಾಳಗಳ ಒಳಗೆ ಗಾಜಿನ ನಾರಿನ ಪದರವಿರುತ್ತದೆ. ಅದು ನೆನೆದು ಬೂಷ್ಟು ಹಿಡಿದಿದ್ದರೆ ಶುಚಿಮಾಡಲು ಆಗುವುದಿಲ್ಲ. ಕಿತ್ತು ಹೊಸದನ್ನು ಹಾಕಬೇಕು. ಅದರ ವೆಚ್ಚ ಶೋಧನೆಯ ಅಂದಾಜಿಗೆ ಸೇರಿದ್ದಲ್ಲ, ದುರಸ್ತಿಯದು. ಎರಡನ್ನೂ ಬೆರೆಸಿ ಬರೆದ ಪಟ್ಟಿಯನ್ನು ಹಿಂದಿರುಗಿಸುವುದೇ ಸರಿ.

ಕೆಲಸಗಾರನ ಒಪ್ಪಿಗೆಯೆಂದರೆ ಕೂಲಿಯ ಚೌಕಾಸಿ ಮಾತ್ರವಲ್ಲ. ನಾಳದೊಳಗಿನಿಂದ ಕೆದರಿದ ಧೂಳು ಮೊದಲು ಸೇರುವುದು ಏಣಿಯ ಮೇಲೆ ನಿಂತವನ ಎದೆಗೂಡಿಗೆ. ಮೂಗುಬಾಯಿಗಳನ್ನು ಮುಚ್ಚುವ ಒಳ್ಳೆಯ ಮುಖವಾಡ, ಕನ್ನಡಕ, ಗಟ್ಟಿಯಾದ ಅಟ್ಟಣಿಗೆ, ನಾಳದ ಇನ್ನೊಂದು ತುದಿಯಲ್ಲಿ ಧೂಳನ್ನು ನಿರಂತರವಾಗಿ ಸೆಳೆದುಕೊಳ್ಳುವ ಯಂತ್ರ ಇವುಗಳಿಗೆ ಅಂದಾಜುಪಟ್ಟಿಯಲ್ಲಿ ಬೇರೆ ಬೇರೆ ಸಾಲುಗಳಿರಬೇಕು. ಅರ್ಧ ಬೆಲೆಗೆ ಒಪ್ಪಿದವನ ಪಟ್ಟಿಯಲ್ಲಿ ಕಾಣೆಯಾಗುವ ಸಾಲುಗಳು ಸಾಮಾನ್ಯವಾಗಿ ಇವೇ ಆಗಿರುತ್ತವೆ.

ವಿದ್ಯಾರ್ಥಿನಿಲಯಗಳ ಅಡುಗೆಮನೆಯ ಹೊಗೆನಾಳದ ಮಾತು ಬೇರೆ. ಅಲ್ಲಿ ಅಂಟಿರುವುದು ಜಿಡ್ಡು, ಅದು ಬೆಂಕಿಗೆ ಆಹಾರ. ಆದುದರಿಂದ ಅಲ್ಲಿ ‘ಅವಶ್ಯವೇ’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅಮೆರಿಕದ ಅಗ್ನಿರಕ್ಷಣಾ ಸಂಘದ 96ನೆಯ ಸಂಖ್ಯೆಯ ನಿಯಮಾವಳಿಯು ಸೌದೆ, ಇದ್ದಲಿನಂತಹ ಘನ ಇಂಧನದ ಅಡುಗೆಯಿದ್ದರೆ ತಿಂಗಳಿಗೊಮ್ಮೆ, ದೊಡ್ಡ ಪ್ರಮಾಣದ ಅಡುಗೆಗೆ ಮೂರು ತಿಂಗಳಿಗೊಮ್ಮೆ, ಸಾಧಾರಣ ಅಡುಗೆಗೆ ಆರು ತಿಂಗಳಿಗೊಮ್ಮೆ, ಎಂದೋ ಒಮ್ಮೆ ಅಡುಗೆಯಾಗುವಲ್ಲಿ ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ವಿಧಿಸುತ್ತದೆ. ಬ್ರಿಟನ್ನಿನಲ್ಲಿ ಅನುಸರಿಸುವ ಟಿಆರ್ 19 ಎಂಬ ಸೂಚಿಯಲ್ಲಿ ಜಿಡ್ಡಿನ ಸರಾಸರಿ ದಪ್ಪ 200 ಮೈಕ್ರಾನು, ಎಂದರೆ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲು, ಮುಟ್ಟಿದರೆ ಶುಚಿಗೊಳಿಸಬೇಕೆಂದಿದೆ. ನೂರಾರು ಮಕ್ಕಳಿಗೆ ಎರಡು ಹೊತ್ತು ಅನ್ನ ಬೇಯುವ, ಸೌದೆಯ ಒಲೆ ಇನ್ನೂ ಉಳಿದಿರುವ ಅಡುಗೆಮನೆಗೆ ಹೊಗೆನಾಳವನ್ನು ಜೋಡಿಸಿದ್ದರೆ ಅದರ ಶೋಧನೆಯನ್ನು ವಾರ್ಷಿಕ ವೆಚ್ಚದಲ್ಲಿಯೇ ಸೇರಿಸಬೇಕು. ಸಭಾಭವನದ ನಾಳ ಕಾಯಬಹುದು, ಇದು ಕಾಯಲಾಗದು.

ಇನ್ನು ರೂಪಾಯಿಯ ಮಾತು. ಕೂಲಿ ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅಂದಾಜನ್ನು ಮೊದಲು ಆಳುಗಂಟೆಯಲ್ಲಿ ಬರೆದು, ಆಮೇಲೆ ಅಂದಿನ ದರದಿಂದ ಗುಣಿಸುವುದು ಕ್ಷೇಮ. ಗಂಟೆಗೆ 150 ರೂಪಾಯಿಯೆಂದು ಹಿಡಿದರೆ ಮೊದಲ 108.8 ಆಳುಗಂಟೆಗೆ 16,320 ರೂಪಾಯಿ. ಬಾಗಿಲು ಕತ್ತರಿಸಿ, ಗಟ್ಟಿ ಕೊಳೆ ತೆಗೆಯಬೇಕಾದಾಗಿನ 139.6ಕ್ಕೆ 20,940 ರೂಪಾಯಿ. ನಡುವಿನ 4,620 ರೂಪಾಯಿ ಒಂದು ಜಾಲರಿಯನ್ನು ಬಿಚ್ಚಿ, ದೀಪ ಹಿಡಿದು ಒಳಗೆ ನೋಡಿದವನಿಗೆ ಮಾತ್ರ ತಿಳಿಯುವ ಮೊತ್ತ. ಯಂತ್ರದ ಬಾಡಿಗೆ, ಅಟ್ಟಣಿಗೆ, ಹೊಸ ಸೋಸುಪಟ, ಸಾಗಣೆ ಇವು ಇದರ ಮೇಲೆ. ಸರಕು ಸೇವಾ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಪಟ್ಟಿಯಲ್ಲಿಯೇ ಬರೆಸಬೇಕು.

ಹಣ ಸಂದಾಯಕ್ಕೆ ಮುನ್ನ ಹನ್ನೆರಡು ಬಾಗಿಲುಗಳನ್ನೂ ತೆರೆಸಿ, ಸಂಸ್ಥೆಯ ಪರವಾಗಿ ಒಬ್ಬರು ಏಣಿ ಹತ್ತಿ ಬಿಳಿಯ ಬಟ್ಟೆಯಿಂದ ಒಳಮೈಯನ್ನು ಒರಸಿ ನೋಡತಕ್ಕದ್ದು. ಕೈ ನಿಲುಕುವ ಬಾಯಿಯಲ್ಲಿ ಮಾತ್ರವಲ್ಲ, ತಾಯಿನಾಳದ ನಡುವೆಯೂ. ಆ ಬಳಿಕ ಬಾಗಿಲುಗಳ ಸ್ಥಾನ, ನಾಳಗಳ ಅಳತೆ, ಹಿಡಿದ ಆಳುಗಂಟೆ, ಎಲ್ಲೆಲ್ಲಿ ಕೊಳೆ ಮೃದು, ಎಲ್ಲೆಲ್ಲಿ ಕಠಿನ ಎಂಬುದನ್ನು ಕಟ್ಟಡದ ನಕ್ಷೆಯೊಡನೆ ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಕಚೇರಿಯ ಕಡತದಲ್ಲಿ ಇಟ್ಟರೆ ಮುಂದಿನ ಸಲ ಅಂದಾಜು ಮಾಡುವವರಿಗೆ ತ್ರೈರಾಶಿಕದ ಪ್ರಮಾಣವೂ ಫಲವೂ ಸಿದ್ಧವಾಗಿರುತ್ತವೆ.